1 ಜಿ ದಾಟೋದು ಹೇಗೆ?

ಪ್ರಶ್ನೆ: ಅಮೆರಿಕದ ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಯಾರು ಬೇಗ ಅನ್ನೋ ಪಂದ್ಯ) ವಿಡಿಯೊ ನೋಡಿದೆ. ಘರ್ಷಣಾ ಗುಣಾಂಕ 1ಕ್ಕಿಂತ ಕಡಿಮೆ ಇರುತ್ತೆ ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ. ಹಾಗಿದ್ದರೆ ಆ ಕಾರು 1 ಜಿಗಿಂತ (ಕೈಬಿಟ್ಟ ಕಲ್ಲು ಕೆಳಗೆ ಬೀಳುವಾಗಿನ ವೇಗೋತ್ಕರ್ಷಕ್ಕಿಂತ) ಜಾಸ್ತಿ ವೇಗೋತ್ಕರ್ಷ ಪಡೆಯೋದು ಹೇಗೆ? ಮೊದಲು ಟಯರಿಗೆ ನೀರು ಬೇರೆ ತಾಗಿಸ್ತಾರೆ, ಜಾರಲ್ವಾ? ನನ್ನ ಬೈಕಿಗೂ ಗಾಳಿ ಇಳಿಸಿದ್ರೆ ಗ್ರಿಪ್ ಬರುತ್ತಾ?
- ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೆಯ ತಕರಾರು. ಗುಣಾಂಕ 1 ಅಂತಲೇ ಇಟ್ಟುಕೊಳ್ಳೋಣ. ಆಗ ಟಯರು ನೆಲವನ್ನು ಎಷ್ಟು ಒತ್ತುತ್ತದೋ ಅಷ್ಟೇ ಬಲದಿಂದ ಗಾಡಿಯನ್ನು ಮುಂದಕ್ಕೆ ತಳ್ಳಬಲ್ಲದು; ಒತ್ತುವುದು ಬರೀ ಗಾಡಿಯ ತೂಕವಾದರೆ 1 ಜಿ ದಾಟಲಾರದು. ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾಲು ಮೈಲಿ ಅಂದರೆ 402 ಮೀಟರ್ ಓಡಲು 9 ಸೆಕೆಂಡ್ ಬೇಕೇ ಬೇಕು. ಆದರೆ 2006ರಲ್ಲಿ ಅಮೆರಿಕದ ರೇಸರ್ ಟೋನಿ ಶೂಮಾಕರ್ ತನ್ನ ಟಾಪ್ ಫ್ಯೂಯೆಲ್ (ಡ್ರ್ಯಾಗ್ ರೇಸಿನ ಅತಿ ವೇಗದ ವರ್ಗ) ಗಾಡಿಯಲ್ಲಿ 4.428 ಸೆಕೆಂಡಿಗೆ ಮುಗಿಸಿಬಿಟ್ಟ. ವೇಗ ಒಂದೇ ಸಮನೆ ಏರಿತು ಅಂದುಕೊಂಡು ಲೆಕ್ಕ ಹಾಕಿ, 4 ಜಿ ದಾಟುತ್ತದೆ.

1ರ ಮಿತಿ ಯಾವ ನಿಯಮದಲ್ಲೂ ಇಲ್ಲ. ಮರ, ಕಬ್ಬಿಣದ ಉದಾಹರಣೆ ಓದಿ ಓದಿ ನಮ್ಮ ತಲೆಯಲ್ಲಿ ಕೂತದ್ದು ಅಷ್ಟೆ. ಮೆತ್ತನೆ ರಬ್ಬರ್ ಬೇರೆ ಜಾತಿ. ನೆಲದ ಸಣ್ಣ ಸಣ್ಣ ತರಿಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ಜೊತೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ತಾಗುವ ಜಾಗ ಎಷ್ಟು ಅನ್ನೋದೂ ಮುಖ್ಯ. ಈ ಗಾಡಿಯ ಹಿಂಬದಿಯ ಟಯರು ಸುಮಾರು 3 ಅಡಿ ಎತ್ತರ, ಒಂದೂವರೆ ಅಡಿ ಅಗಲ. ನಾವು ಬಂಕಿನಲ್ಲಿ ಕಾರಿಗೆ 32 ಹಾಕಿ ಅಂತೀವಲ್ಲ, ಇವರು ಹಾಕೋದು 7ರ ಆಸುಪಾಸು! ಹೊರಡುವ ಕ್ಷಣವನ್ನು ಸ್ಲೋ ಮೋಷನ್‌ನಲ್ಲಿ ನೋಡಿ: ರಿಮ್ ಆಗಲೇ ತಿರುಗಿರುತ್ತದೆ, ನೆಲಕ್ಕಂಟಿದ ರಬ್ಬರ್ ಮಾತ್ರ ಅಲ್ಲೇ ಇರುತ್ತದೆ, ನಡುವಿನ ಪಕ್ಕದ ಗೋಡೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಸುಕ್ಕುಗಟ್ಟುತ್ತದೆ. ವೇಗ ಏರಿದಂತೆ ಅದೇ ಟಯರು ಹಿಗ್ಗಿ ಎತ್ತರವಾಗುತ್ತದೆ. ಗೇರ್ ಬದಲಿಸುವ ವ್ಯವಸ್ಥೆಯೇ ಇಲ್ಲದ ಈ ಗಾಡಿಗೆ ಅದೇ ಮೇಲಿನ ಗೇರ್ ಇದ್ದಂತೆ. ನನಗೆ ಇಡೀ ರೇಸಿನಲ್ಲಿ ಇಷ್ಟವಾದ ಜಾಣತನ ಇದು.

ಇನ್ನು ಒತ್ತುವ ಬಲ ಬರೀ ಗಾಡಿಯ ತೂಕ ಅಲ್ಲ. ಹೊಗೆ ಕೊಳವೆಗಳು ಮೇಲ್ಮುಖವಾಗಿವೆ, ಆ ಹೊಡೆತಕ್ಕೆ ಗಾಡಿ ಕೆಳಕ್ಕೆ ಒತ್ತುತ್ತದೆ. ವೇಗ ಬಂದ ಮೇಲೆ ಹಿಂದಿನ ದೊಡ್ಡ ರೆಕ್ಕೆಯೂ ಸೇರಿಕೊಳ್ಳುತ್ತದೆ. ಟ್ರ್ಯಾಕಿಗೂ ಅಂಟು ಸಿಂಪಡಿಸಿರುತ್ತಾರೆ, ಅದರ ಮೇಲೆ ನಡೆದರೆ ಶೂ ಅಲ್ಲೇ ಕಿತ್ತುಕೊಂಡು ಉಳಿದುಬಿಡಬಹುದು.

ನೀರಿನ ಕಥೆ ಸುಲಭ. ಒದ್ದೆ ಜಾಗದಲ್ಲಿ ಚಕ್ರ ಸುಮ್ನೆ ತಿರುಗಲು ಶುರುವಾಗುತ್ತದೆ, ಅದಕ್ಕೇ ನೀರು. ಆಮೇಲೆ ಒಣ ಜಾಗಕ್ಕೆ ಬಂದು ಹೊಗೆ ಎಬ್ಬಿಸಿದಾಗ ಟಯರಿನ ಕೊಳೆ ಹೋಗುತ್ತದೆ, ರಬ್ಬರ್ ಕಾದು ಅಂಟಂಟಾಗುತ್ತದೆ, ತೆಳ್ಳಗೆ ಒಂದು ಪದರ ಟ್ರ್ಯಾಕಿಗೂ ಬಳಿದುಕೊಳ್ಳುತ್ತದೆ. ರೇಸ್ ಶುರುವಾಗುವ ಹೊತ್ತಿಗೆ ನೀರಿನ ಹನಿ ಎಲ್ಲಿರುತ್ತೆ ಹೇಳಿ?

ಬೈಕಿಗೆ ಮಾತ್ರ ಈ ಪ್ರಯೋಗ ಬೇಡಪ್ಪಾ. ಅವರು ನೇರ ಓಡಿ, ಕೆಲವೇ ಸೆಕೆಂಡಿನಲ್ಲಿ ಪ್ಯಾರಾಶೂಟ್ ಬಿಚ್ಚಿ ನಿಲ್ಲಿಸುತ್ತಾರೆ. ನಿಮಗೆ ತಿರುವು ಇದೆ, ಹಳ್ಳ ಇದೆ, ಗಂಟೆಗಟ್ಟಲೆ ಓಡಿಸೋದಿದೆ. ಗಾಳಿ ಕಡಿಮೆಯಾದರೆ ಟಯರಿನ ಪಕ್ಕ ಮಡಚಿ ಮಡಚಿ ಕಾಯುತ್ತದೆ, ತಿರುವಿನಲ್ಲಿ ಬೈಕು ಓಲಾಡುತ್ತದೆ. ಕಂಪನಿ ಹೇಳಿದಷ್ಟೇ ಹಾಕಿಸಿ.