ಅವ್ವ ಉಗ್ರಾಣದಲ್ಲಿ ಏಕೆ ಮಲಗುತ್ತಾರೆ?

ವಿರಾಜಪೇಟೆ ಕಡೆಯವರಾದ, ಈಗ ಬೆಂಗಳೂರಿನಲ್ಲಿರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಬರ್ಮಿಂಗ್‌ಹ್ಯಾಮ್ ಮುದ್ರೆಯ ಜೋಡು ನಳಿಗೆಯ ರೈಫಲ್ ಒಂದು ಮುತ್ತಜ್ಜನ ಕಾಲದಿಂದ ಅವರ ಮನೆಯಲ್ಲಿದೆ. ಅದರಿಂದ ಹುಲಿ ಹೊಡೆದ ಮುತ್ತಜ್ಜನಿಗೆ ನರಿ ಮಂಗಲ, ಅಂದರೆ ಹುಲಿ ಕೊಂದವರನ್ನು ಗೌರವಿಸುವ ಕೊಡವರ ವಿಧಿ, ನಡೆದಿತ್ತೆಂಬುದು ಮನೆತನದ ಹೆಮ್ಮೆ. ತಂದೆ ತೀರಿಕೊಂಡು ಒಂದೂವರೆ ವರ್ಷವಾಯಿತು. ಮುಂಬಯಿಯ ಸಂಗ್ರಾಹಕರೊಬ್ಬರಿಗೆ ಮಾರೋಣವೆಂದು ಅಣ್ಣ, ಕೂಡದೆಂದು ಇವರು, ಒಕ್ಕದ, ಅಂದರೆ ಇಡೀ ಕುಲದ, ಸ್ವತ್ತು ಮೂಲಮನೆಯಾದ ಐನ್‌ಮನೆಗೇ ಬರಬೇಕೆಂದು ಚಿಕ್ಕಪ್ಪ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನ್ಯಾಯ ಯಾರ ಕಡೆಗಿದೆ ಎಂದು ಕೇಳಿದ್ದಾರೆ.

ನಿಮ್ಮ ಪತ್ರದ ಮೂರನೆಯ ಪುಟದ ಕೊನೆಯಲ್ಲಿ ಒಂದು ಸಾಲಿದೆ: ಅವ್ವ ಈಗ ಒಬ್ಬರೇ ಇದ್ದಾರೆ, ಕೋವಿಯಿರುವ ಕೋಣೆ ಬಿಟ್ಟು ಉಗ್ರಾಣದಲ್ಲಿ ಮಲಗುತ್ತಾರೆ, ವಯಸ್ಸಾಯಿತಲ್ಲ. ಹುಲಿಯ ಕಥೆಗೆ ಒಂದು ಪುಟ ಕೊಟ್ಟವರು ಅವ್ವನಿಗೆ ಕೊಟ್ಟದ್ದು ಇಷ್ಟೇ. ವಯಸ್ಸಾಯಿತೆಂದು ಯಾರೂ ನಲವತ್ತು ವರ್ಷ ಮಲಗಿದ ಮಂಚ ಬಿಟ್ಟು ಅಕ್ಕಿಮೂಟೆಗಳ ನಡುವೆ ಚಾಪೆ ಹಾಸುವುದಿಲ್ಲ. ಬೀರುವಿನ ಮೇಲೆ ಅಪ್ಪನ ಹಳೆಯ ಕುಪ್ಯದ ಕೋಟಿನಲ್ಲಿ ಸುತ್ತಿಟ್ಟ ರೈಫಲ್, ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ತೋಟೆಗಳು ಎಂದೂ ನೀವೇ ಬರೆದಿದ್ದೀರಿ. ಕಾಡುಹಂದಿಯ ಕಾಟವಿದ್ದ ಕಾಫಿ ತೋಟದ ಮನೆಯಲ್ಲಿ ನಿಮ್ಮ ತಂದೆ ಕೊನೆಯ ರಾತ್ರಿ ಅದನ್ನು ಖಾಲಿ ಮಾಡಿಟ್ಟಿದ್ದರೋ ಇಲ್ಲವೋ, ನೀವು ನೋಡಿದ್ದೀರಾ? ಅವ್ವನಿಗೂ ಇದೇ ಅನುಮಾನವಿರಬಹುದು. ಕೇಳಿದವರು ಯಾರೂ ಇಲ್ಲ.

ಸತ್ತವರ ವಸ್ತುವಿಗೆ ಜಗಳ ಬಂದಾಗಲೆಲ್ಲ ನಾನು ಮೊದಲು ವಿಚಾರಿಸುವುದು ಅದನ್ನು ಈಗ ಕಾಯುತ್ತಿರುವವರು ಯಾರು ಎಂದು. ಈ ಅಂಕಣ ಓದುವವರಿಗೆ ಇದು ಹಳೆಯ ಹಾಡು.

ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಿಂದ ಕೊಡವರಿಗಿರುವ ವಿನಾಯಿತಿಯನ್ನು ನೀವು ಎರಡು ಸಲ ನೆನಪಿಸಿದ್ದೀರಿ. ಅದು ನಿಜ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಆದರೆ ನಿಮ್ಮ ಮನೆಯ ವಿನಾಯಿತಿ ಪತ್ರದಲ್ಲಿರುವುದು ತೀರಿಕೊಂಡ ತಂದೆಯ ಹೆಸರು. ಕೋವಿ ಇಟ್ಟುಕೊಳ್ಳುವ ಹಕ್ಕು ಕೊನೆಗೊಂಡಾಗ ಅದನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಿಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಅಲ್ಲಿ ಒಪ್ಪಿಸಿದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಇನ್ನು ವಿನಾಯಿತಿಯಿರುವುದು ಕೊಡವ ಜನಾಂಗದ ವ್ಯಕ್ತಿಗಳಿಗೆ, ಗಂಡಸರಿಗಷ್ಟೇ ಅಲ್ಲ. ಕೋವಿ ಅವ್ವನ ಹೆಸರಿಗೆ ಬರಬಹುದೆಂಬುದು ನಿಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಂತಿಲ್ಲ.

ಅಣ್ಣನ ಮೇಲೆ ನನಗೆ ಕೋಪವಿಲ್ಲ. ಕೊಳ್ಳುವವರಿಗೂ ಪರವಾನಗಿ ಬೇಕು, ಬಾಯಿಮಾತಿನ ವ್ಯಾಪಾರ ನಡೆಯದು ಎಂಬುದು ಅವರಿಗೆ ತಿಳಿದಂತಿಲ್ಲ, ಅಷ್ಟೇ. 1972ರಲ್ಲಿ ಬೇಟೆಗೆ ಕಡಿವಾಣ ಬಿದ್ದ ಮೇಲೆ ಈ ರೈಫಲಿಗೆ ಮನೆಯಲ್ಲಿ ಏನು ಕೆಲಸ ಎಂದು ಕೇಳುವುದು ಅಪರಾಧವೂ ಅಲ್ಲ. ಕೋಪ ಬಂದಿರುವುದು ನಿಮ್ಮ ಚಿಕ್ಕಪ್ಪನವರ ಮೇಲೆ. ಎರಡು ಮೈಲಿ ದೂರದಲ್ಲಿದ್ದೂ ಒಂಟಿಯಾದ ಅತ್ತಿಗೆಯ ಮನೆಗೆ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಬಾರದೆ, ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿಯಲ್ಲಿ ತೂಗುಬೊಳಕಿನ (ತೂಗುದೀಪದ) ಕೆಳಗೆ ರೈಫಲಿಗೆ ಜಾಗ ಮಾತ್ರ ಗೊತ್ತುಮಾಡಿಟ್ಟಿದ್ದಾರೆ.

ಈ ಶನಿವಾರವೇ ಊರಿಗೆ ಹೋಗಿ ಕೋವಿಯನ್ನೂ ತೋಟೆಗಳನ್ನೂ ಆ ಮನೆಯಿಂದ ತೆಗೆಸಿ ಒಪ್ಪಿಸಿಡಿ, ರಸೀದಿ ಅವ್ವನ ಕೈಗೆ ಕೊಡಿ. ನಳಿಗೆಯನ್ನು ನೀವೇ ಬಿಚ್ಚಲು ಹೋಗದೆ ಕೋವಿ ಬಲ್ಲವರೊಬ್ಬರನ್ನು ಕರೆದುಕೊಳ್ಳಿ. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಈ ವರ್ಷ ಆ ರೈಫಲಿಗೆ ತೋಕ್‌ಪೂ (ಕೋವಿ ಹೂವು) ಇಡಲಾಗದಿದ್ದರೂ ಚಿಂತೆಯಿಲ್ಲ. ಹೊರಡುವ ಮೊದಲು ಅಣ್ಣನಿಗೆ ಫೋನು ಮಾಡಿ. ಬಿಸ್ಕತ್ತಿನ ಡಬ್ಬಿಯಲ್ಲಿ ಎಷ್ಟು ತೋಟೆಗಳಿವೆಯೆಂದು ಎಣಿಸುವಾಗ ಇಬ್ಬರೂ ಇರಬೇಕು.