‘ಸೂಕ್ತ ವಾತಾವರಣ’ ಅಂದರೆ ಯಾವುದು?

ನಮಸ್ಕಾರ. ಸ್ಟೆಮ್ ಸೆಲ್‌ನಿಂದ (ಮೂಲಕೋಶದಿಂದ) ಲ್ಯಾಬಿನಲ್ಲಿ ಟಿ ಕೋಶ, ಅಂದರೆ ಸೋಂಕು ಮತ್ತು ಕ್ಯಾನ್ಸರ್ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಬೆಳೆಸುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಎರಡು ಸಾಲು ಓದಿ ನನಗೆ ಸಿಟ್ಟು ಬಂತು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: “ಸ್ಟೆಮ್ ಸೆಲ್‌ಗಳನ್ನು ಸೂಕ್ತ ವಾತಾವರಣದಲ್ಲಿ ಇಟ್ಟಾಗ ಅವು ಸಮರ್ಥ ಟಿ ಕೋಶಗಳಾಗಿ ಮಾರ್ಪಡುತ್ತವೆ.”

ಇಡೀ ಕತೆ ಇರೋದೇ ಆ ‘ಸೂಕ್ತ ವಾತಾವರಣ’ದಲ್ಲಿ ಅಲ್ವಾ? ಟಿ ಕೋಶದ ಮೂಲ ಮೂಳೆಯ ಮಜ್ಜೆಯಲ್ಲಿ. ಅದು ಬೆಳೆದು ಪಕ್ವವಾಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಥೈಮಸ್ ಹೆಸರೇ ನಿಮ್ಮ ಲೇಖನದಲ್ಲಿಲ್ಲ! ಅಲ್ಲಿನ ಕೋಶಗಳ ಮೈಮೇಲೆ ಡೆಲ್ಟಾ ಗುಂಪಿನ ಪ್ರೋಟೀನ್ ಇರುತ್ತದೆ. ಎಳೆಯ ಕೋಶದ ಮೇಲಿನ, ಸಂಕೇತ ಹಿಡಿಯುವ ‘ನಾಚ್’ ಎಂಬ ಪ್ರೋಟೀನ್ ಅದಕ್ಕೆ ತಾಗಬೇಕು. ತಾಗಿದರೆ ಮಾತ್ರ ಅದು ಟಿ ಕೋಶದ ದಾರಿ ಹಿಡಿಯುತ್ತದೆ.

2002ರಲ್ಲಿ ಟೊರಾಂಟೊದಲ್ಲಿ ಶ್ಮಿಟ್ ಮತ್ತು ಜೂನಿಗಾ-ಫ್ಲೂಕರ್ ಎಂಬ ವಿಜ್ಞಾನಿಗಳು ಇದನ್ನು ಲ್ಯಾಬಿನ ತಟ್ಟೆಯಲ್ಲೇ ಮಾಡಿ ತೋರಿಸಿದರು. ಓಪಿ9 ಅನ್ನುವ ಇಲಿಕೋಶಗಳನ್ನು ತಳದಲ್ಲಿ ಹರಡಿ, ಅದರ ಮೇಲೆ ಇಲಿಯ ರಕ್ತದ ಮೂಲಕೋಶ ಬೆಳೆಸಿದರೆ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಬಿ ಕೋಶ ಬರುತ್ತಿತ್ತು. ಅದೇ ಓಪಿ9ಗೆ ಡೆಲ್ಟಾದ ಒಂದು ಜೀನ್ ಸೇರಿಸಿದರು. ಟಿ ಕೋಶ ಬಂತು. ಇಂಥದ್ದನ್ನು ಬಿಟ್ಟು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರ ಪಕ್ಕ ಕೂತು ಕೆಲಸ ಕಲಿತೆ. ‘ಮಾರ್ಪಡುತ್ತದೆ’, ‘ಉಂಟಾಗುತ್ತದೆ’ ಎಂದು ಕಂಡರೆ ಸಾಕು, ಕೆಂಪು ಪೆನ್ನಿನಲ್ಲಿ ಪಕ್ಕಕ್ಕೆ ಬರೆಯುತ್ತಿದ್ದರು: “ಯಾರು ಏನು ಮಾಡಿದ್ದಕ್ಕೆ?” ಉತ್ತರ ಸಿಗುವವರೆಗೂ ಆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಇವತ್ತಿಗೂ ನಾನು ಓದೋದು ಹಾಗೇ.

‘ಸಮರ್ಥ’ ಅನ್ನೋದನ್ನೂ ಸುಮ್ನೆ ಹಾಕಿದ್ದೀರಿ. ಥೈಮಸ್ ಒಳಗೆ ಎರಡು ಪರೀಕ್ಷೆ ಇದೆ. ಏನನ್ನೂ ಗುರುತಿಸಲಾರದ ಕೋಶ ಸಾಯುತ್ತದೆ. ನಮ್ಮ ದೇಹದ ಮೇಲೇ ಬೀಳುವಂಥದ್ದೂ ಸಾಯುತ್ತದೆ. ಉಳಿದು ಹೊರಬರುವುದು ತೀರಾ ಕಡಿಮೆ. ಚಪ್ಪಟೆ ತಟ್ಟೆಯಲ್ಲಿ ಮನುಷ್ಯರ ಕೋಶ ಅಷ್ಟು ಪಕ್ವವಾಗುವುದು ಕಷ್ಟವಿತ್ತು. 2017ರಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನಿ ಗೇ ಕ್ರೂಕ್ಸ್ ಅವರ ತಂಡ ಮೂಲಕೋಶಗಳನ್ನೂ ಡೆಲ್ಟಾ ಇರುವ ಕೋಶಗಳನ್ನೂ ಬೆರೆಸಿ, ಗಿರಗಿರ ತಿರುಗಿಸಿ ಉಂಡೆಗಟ್ಟಿಸಿ, ಒಂದು ತೆಳು ಪೊರೆಯ ಮೇಲೆ ಹನಿಯಾಗಿ ಇಟ್ಟಿತು. ಮೇಲೆ ಗಾಳಿ, ಕೆಳಗೆ ಪೋಷಕ ದ್ರವ. ಕೆಲವು ವಾರಗಳಲ್ಲಿ ಪಕ್ವ ಟಿ ಕೋಶಗಳು ಸಿಕ್ಕವು. ನಿಮ್ಮ ‘ವಾತಾವರಣ’ ಇದು. ಇದನ್ನು ಬರೆಯಿರಿ.

ಎರಡನೆಯದು, ಕೊನೆಯ ಸಾಲು: “ಇನ್ನು ಕ್ಯಾನ್ಸರ್‌ಗೆ ಹೆದರಬೇಕಿಲ್ಲ.” ಇದನ್ನು ಅಚ್ಚು ಹಾಕಿದರೆ, ಮನೆಯಲ್ಲಿ ರೋಗಿ ಇರುವವರು ಆಸ್ಪತ್ರೆಯ ವಿಳಾಸ ಕೇಳಿ ನಮಗೆ ಬರೆಯುತ್ತಾರೆ. ಅವರಿಗೆ ನಾನೇನು ಹೇಳಲಿ? 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ, ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ನೆಕ್ಸ್‌ಕಾರ್19 ಚಿಕಿತ್ಸೆ ತಯಾರಾಗುವುದು ರೋಗಿಯದೇ ಟಿ ಕೋಶಗಳಿಂದ. ಕೀಮೋದಿಂದ ಸೊರಗಿದವರಲ್ಲಿ ಒಳ್ಳೆಯ ಕೋಶ ಸಾಕಷ್ಟು ಸಿಗದೇ ಇರಬಹುದು. ಸ್ಟೆಮ್ ಸೆಲ್‌ನಿಂದ ಮೊದಲೇ ಬೆಳೆಸಿಟ್ಟರೆ ಕಾಯುವುದು ತಪ್ಪುತ್ತದೆ ಅನ್ನುವುದು ಆಸೆ. ಆದರೆ ಹಾಗೆ ಬೆಳೆಸಿಟ್ಟ ಬೇರೆಯವರ ಟಿ ಕೋಶ ರೋಗಿಯ ದೇಹದ ಮೇಲೇ ಬೀಳಬಹುದು, ದೇಹವೂ ಅದನ್ನು ಹೊರಗಿನದೆಂದು ಕೊಲ್ಲಬಹುದು. ಇದನ್ನು ತಡೆಯಲು ಆ ಕೋಶಗಳ ಜೀನ್ ತಿದ್ದುವ ಕೆಲಸ ನಡೆದಿದೆ. ಇಷ್ಟು ಹೇಳಿದರೂ ಓದುಗರಿಗೆ ಭರವಸೆ ಸಿಗುತ್ತದೆ.

ಥೈಮಸ್‌ನಿಂದ ಶುರುಮಾಡಿ ಮತ್ತೊಮ್ಮೆ ಬರೆದು ಕಳಿಸಿ. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ.