ಬೆಂಗಳೂರು ಎಫ್‌ಸಿಯಲ್ಲಿ ಎರಡೇ ಸೀಸನ್ ಆಡಿದ ಮಿಕುವನ್ನು ಹಳೆಯ ಅಭಿಮಾನಿಗಳು ಇನ್ನೂ ಯಾಕೆ ನೆನೆಯುತ್ತಾರೆ?

ನೀವು 2022ರ ಮೇಲೆ ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಯ ಪಂದ್ಯ ನೋಡಲು ಶುರುಮಾಡಿದವರು ಅಂತ ಬರೆದಿದ್ದೀರಿ. ಸುನಿಲ್ ಛೆಟ್ರಿಯಂಥ ಆಟಗಾರ ಆಡಿದ ತಂಡದಲ್ಲಿ, ಎರಡು ವರ್ಷ ಆಡಿ ಹೋದ ವೆನೆಜುವೆಲಾದ ಸ್ಟ್ರೈಕರ್ ಮಿಕು ಮೇಲೆ ಹಳಬರಿಗೆ ಇಷ್ಟು ಮಮತೆ ಯಾಕೆ ಅನ್ನುವುದು ನಿಮ್ಮ ಪ್ರಶ್ನೆ. ನಾನು ತುಮಕೂರಿನವನು. ಅವನು ಆಡಿದ ಆ ಎರಡು ಸೀಸನ್‌ಗಳಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಂದ್ಯಗಳನ್ನು ಸಾಧ್ಯವಾದಷ್ಟೂ ಹೋಗಿ ನೋಡಿದ್ದೇನೆ. ಅವನ ಬಗ್ಗೆ ಬಹುವಚನದಲ್ಲಿ ಬರೆಯಲು ಕೈ ಬರುವುದಿಲ್ಲ. ನಮ್ಮವನು ಅಂದುಕೊಂಡ ಮೇಲೆ ಏಕವಚನವೇ.

ಪೂರ್ತಿ ಹೆಸರು ನಿಕೊಲಾಸ್ ಫೆಡೊರ್. 1985ರಲ್ಲಿ ಕರಾಕಸ್‌ನಲ್ಲಿ ಹುಟ್ಟಿದವನು. ಸ್ಪೇನ್‌ನಲ್ಲಿ ಗೆಟಾಫೆ, ರಾಯೊ ವಯೆಕಾನೊ, ನಡುವೆ ಒಂದು ಸೀಸನ್ ಸ್ಕಾಟ್ಲೆಂಡಿನ ಸೆಲ್ಟಿಕ್. 2011ರ ಕೋಪಾ ಅಮೆರಿಕಾದಲ್ಲಿ ವೆನೆಜುವೆಲಾ ಸೆಮಿಫೈನಲ್ ತಲುಪಿದಾಗ ಆ ತಂಡದಲ್ಲಿದ್ದ. 2017ರಲ್ಲಿ ಬೆಂಗಳೂರಿಗೆ ಬಂದಾಗ ವಯಸ್ಸು 32. ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್‌ನಲ್ಲಿ 15 ಗೋಲು, ಎರಡನೆಯದರಲ್ಲಿ ಗಾಯವಾಗಿ ಎಷ್ಟೋ ವಾರ ಹೊರಗೆ ಕೂತರೂ 5. ಈ ಲೆಕ್ಕ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಲೆಕ್ಕದಲ್ಲಿ ಕಾಣದೇ ಇರುವುದು ಆ ಗೋಲುಗಳು ಬಂದ ಹೊತ್ತು. ನಮ್ಮಂಥ ದೂರದ ಊರಿನವರಿಗೆ ಅವನು ಮರೆಯದೇ ಉಳಿದಿದ್ದು ಅದರಿಂದಲೇ.

ಆ ಮೊದಲ ಸೀಸನ್‌ನಲ್ಲಿ ಪಂದ್ಯ ಹೆಚ್ಚಾಗಿ ಶುರುವಾಗುತ್ತಿದ್ದದ್ದು ರಾತ್ರಿ 8ಕ್ಕೆ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನಗೆ ಫಸ್ಟ್ ಶಿಫ್ಟ್. ಬೆಳಿಗ್ಗೆ 6ಕ್ಕೆ ಒಳಗಿರಬೇಕು, ಮಧ್ಯಾಹ್ನ 2ಕ್ಕೆ ಬಿಡುಗಡೆ. ಮನೆಗೆ ಬಂದು ಎರಡು ತುತ್ತು ಉಂಡು, ನೀಲಿ ಜೆರ್ಸಿ ಬ್ಯಾಗಿಗೆ ತುರುಕಿ, ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ. ನಾಗಸಂದ್ರದಲ್ಲಿ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕಬ್ಬನ್ ಪಾರ್ಕ್. ಹೋಗುವುದು ಸಲೀಸು. ಬರುವುದೇ ಕಷ್ಟ. ಪಂದ್ಯ ಮುಗಿಯುವಾಗ ಹತ್ತು ಗಂಟೆ ಹತ್ತಿರ. ಗೊರಗುಂಟೆಪಾಳ್ಯ ತಲುಪುವಷ್ಟರಲ್ಲಿ ತುಮಕೂರಿನ ಬಸ್ಸುಗಳು ಕಡಿಮೆಯಾಗಿರುತ್ತವೆ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯವು ಸಾಲಾಗಿ ಬರುತ್ತವೆ, ಆದರೆ ಎಲ್ಲ ರಿಸರ್ವೇಶನ್. "ತುಮಕೂರು" ಅಂದರೆ ಸಾಕು, ಕಂಡಕ್ಟರ್ ಕೈ ಆಡಿಸಿಬಿಡುತ್ತಿದ್ದರು. ಹಾಗಾಗಿ 85ನೇ ನಿಮಿಷಕ್ಕೆ ಎದ್ದು ಹೊರಡುವುದು ಅಂತ ನಾವೇ ಒಂದು ನಿಯಮ ಮಾಡಿಕೊಂಡಿದ್ದೆವು.

ಮಿಕು ಕಂಠೀರವದಲ್ಲಿ ಹೊಡೆದ ಮೊದಲ ಐಎಸ್‌ಎಲ್ ಗೋಲು ಡೆಲ್ಲಿ ಡೈನಮೋಸ್ ವಿರುದ್ಧ, 2017ರ ನವೆಂಬರ್‌ನಲ್ಲಿ, 87ನೇ ನಿಮಿಷಕ್ಕೆ. ನಾವು ಗೇಟಿನ ಹತ್ತಿರ ಇದ್ದೆವು. ಅದಾಗಲೇ ಗೆದ್ದಂತಿದ್ದ ಪಂದ್ಯ, 4-1ಕ್ಕೆ ಮುಗಿಯಿತು, ಅಷ್ಟು ಬೇಸರವಾಗಲಿಲ್ಲ. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 3-1ರಿಂದ ಗೆದ್ದ ಪಂದ್ಯವನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಅಲ್ಲೂ ಅವನ ಎರಡು ಗೋಲು ಬಂದದ್ದು ಇಂಜುರಿ ಟೈಮ್‌ನಲ್ಲಿ, ಅಂದರೆ 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸುವ ಕೆಲವು ನಿಮಿಷದಲ್ಲಿ. ನಮ್ಮಜ್ಜಿಗೆ ಅವನ ಹೆಸರು ಸರಿಯಾಗಿ ನಾಲಿಗೆಗೆ ಹತ್ತುತ್ತಿರಲಿಲ್ಲ, "ಮಿಕ್ಕು" ಅನ್ನುತ್ತಿದ್ದರು. ಅವತ್ತು ನನ್ನ ಕೂಗಿಗೆ ಎದ್ದು ಬಂದು, "ಏನೋ, ನಿಮ್ಮ ಮಿಕ್ಕು ಮಿಕ್ಕಿದ್ದನ್ನೂ ಮುಗಿಸಿದನಾ?" ಅಂತ ಕೇಳಿದರು. ಆ ಸೀಸನ್‌ನ ಮಿಕುವನ್ನು ಅದಕ್ಕಿಂತ ಚೆನ್ನಾಗಿ ವರ್ಣಿಸಿದ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

2018ರ ಮಾರ್ಚ್ 1, ಗುರುವಾರ. ಕಂಠೀರವದಲ್ಲಿ ಮತ್ತೆ ಬ್ಲಾಸ್ಟರ್ಸ್. ಬೆಂಗಳೂರು-ಕೇರಳ ಪಂದ್ಯ ಅಂದರೆ ಗ್ಯಾಲರಿಯಲ್ಲಿ ಪಕ್ಕದವನ ಮಾತು ಕೇಳಿಸುವುದಿಲ್ಲ. ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಡೋಲು ಒಂದು ಕಡೆ, ಹಳದಿ ಅಂಗಿಯ ಕೇರಳದವರ ಕೂಗು ಇನ್ನೊಂದು ಕಡೆ. 85 ನಿಮಿಷವಾದರೂ 0-0. ಲೀಗ್‌ನಲ್ಲಿ ನಾವು ಆಗಲೇ ಎಲ್ಲರಿಗಿಂತ ಮುಂದೆ ಇದ್ದೆವು, ಡ್ರಾ ಆದರೂ ನಷ್ಟವೇನಿಲ್ಲ ಅಂತ ನಾನೇ ಎದ್ದೆ. ತಮ್ಮ, "ಅಣ್ಣ, ಇನ್ನೈದು ನಿಮಿಷ" ಅಂದ. "ಬೇಕಾದ್ರೆ ಬೆಳಿಗ್ಗೆ ನಿನ್ನ ಬದಲು ನಾನೇ ಹೋಗ್ತೀನಿ ಶಿಫ್ಟ್‌ಗೆ" ಅಂತಲೂ ಅಂದ. ನಾನು ಕೇಳಲಿಲ್ಲ.

ಕಸ್ತೂರಬಾ ರಸ್ತೆಗೆ ಬಂದಿದ್ದೆವು, ಹಿಂದಿನಿಂದ ಶಬ್ದ ಬಂತು. ಕಂಠೀರವದ ಒಳಗೆ ಕೂತಾಗ ಆ ಶಬ್ದ ನಮ್ಮದೇ ಆಗಿರುತ್ತದೆ, ಅದು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಹೊರಗೆ ರಸ್ತೆಯಲ್ಲಿ ನಿಂತು ಕೇಳಿದರೆ ಎದೆಗೆ ಹೊಡೆಯುತ್ತದೆ. ಇಬ್ಬರೂ ನಿಂತೆವು. ಯಾರದು ಅಂತ ಕೇಳುವ ಅಗತ್ಯ ಇರಲಿಲ್ಲ. ಎರಡು ನಿಮಿಷ ಕಳೆಯುವಷ್ಟರಲ್ಲಿ ಮತ್ತೊಂದು ಅಂಥದೇ ಶಬ್ದ. ತಮ್ಮ ಫುಟ್‌ಪಾತ್ ಮೇಲೆ ಕೂತುಬಿಟ್ಟ. "ಅಣ್ಣ, ಎರಡು" ಅಂದ, ಅಷ್ಟೇ. ಮೊದಲನೆಯದು ಮಿಕು, ಎರಡನೆಯದು ಉದಾಂತ ಸಿಂಗ್, ಎರಡೂ ಇಂಜುರಿ ಟೈಮ್. ನೆಲಮಂಗಲ ದಾಟುವವರೆಗೂ ಅವನು ನನ್ನ ಜೊತೆ ಮಾತಾಡಲಿಲ್ಲ. ಆ ಮೇಲೆ ಆಡಿದ ಮೊದಲ ಮಾತು, "ಇನ್ಮೇಲೆ ಮಿಕು ಇಳಿಯೋವರೆಗೂ ಏಳೋದು ಬೇಡ."

ಈ ಕೊನೆಯ ಹತ್ತು ನಿಮಿಷದ ಗುಟ್ಟು ಅದೃಷ್ಟ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಆಟಗಾರರು ದೂರ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅಲ್ಲಿ ಕೂತರೆ ಮುಖ ಕಾಣದಿದ್ದರೂ ಇಡೀ ಮೈದಾನ ಕಾಣುತ್ತದೆ. ನಾನು ಚೆಂಡು ಬಿಟ್ಟು ಮಿಕುವನ್ನೇ ನೋಡಲು ಶುರುಮಾಡಿದೆ. ಮೊದಲ ಒಂದು ಗಂಟೆ ಅವನ ಕೆಲಸ ಹೆಚ್ಚುಕಡಿಮೆ ಹೊರೆ ಹೊರುವುದು. ಗೋಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ, ಹಿಂದಿನಿಂದ ಡಿಫೆಂಡರ್ ತಳ್ಳುತ್ತಾನೆ, ಮೊಣಕಾಲು ಕೊಡುತ್ತಾನೆ, ಇವನು ಚೆಂಡನ್ನು ಹಿಡಿದು ಒಂದೇ ಟಚ್‌ನಲ್ಲಿ ಪಕ್ಕಕ್ಕೆ ಕೊಟ್ಟು ಮತ್ತೆ ಅದೇ ಜಾಗಕ್ಕೆ. ಅಲ್ಬರ್ಟ್ ರೋಕಾ ಕೋಚ್ ಆಗಿದ್ದಾಗ ಚೆಂಡು ನಮ್ಮ ಕಾಲಲ್ಲೇ ಓಡಾಡುತ್ತಿತ್ತು, ಎದುರಾಳಿಗಳು ಅದರ ಹಿಂದೆ ಓಡಿ ಓಡಿ ಸುಸ್ತಾಗುತ್ತಿದ್ದರು. 80 ನಿಮಿಷ ಕಳೆದ ಮೇಲೆ ಇವನಿಗೆ ಅಂಟಿಕೊಂಡಿದ್ದ ಡಿಫೆಂಡರ್ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದ. ಒಂದೇ ಹೆಜ್ಜೆ. ಮಿಕುಗೆ ಅಷ್ಟು ಸಾಕಾಗುತ್ತಿತ್ತು. ಗಂಟೆಗಟ್ಟಲೆ ಪೆಟ್ಟು ತಿಂದವನ ತಲೆ ಆ ಕ್ಷಣದಲ್ಲಿ ಅಷ್ಟು ತಣ್ಣಗೆ ಇರುತ್ತಿತ್ತಲ್ಲ, ಅದನ್ನು ನಾನು ಬೇರೆ ಯಾವ ಆಟಗಾರನಲ್ಲೂ ಹಾಗೆ ಕಣ್ಣಾರೆ ನೋಡಿಲ್ಲ.

ಛೆಟ್ರಿಯ ವಿಷಯಕ್ಕೂ ಇದೇ ಉತ್ತರ. ಆ ಸೀಸನ್‌ನಲ್ಲಿ ಛೆಟ್ರಿ 14 ಗೋಲು ಹೊಡೆದರು, ಬಹಳ ಸಲ ಎಡಗಡೆಯಿಂದ ನುಗ್ಗಿ ಬಂದು. ನಡುವಿನ ಇಬ್ಬರು ಡಿಫೆಂಡರ್‌ಗಳನ್ನು ಮಿಕು ತನ್ನ ಮೈಗೇ ಕಟ್ಟಿಕೊಂಡಿದ್ದರಿಂದ ಆ ದಾರಿ ತೆರೆದುಕೊಳ್ಳುತ್ತಿತ್ತು ಅನ್ನುವುದು ನನ್ನ ನಂಬಿಕೆ. ಇಬ್ಬರನ್ನು ಹೋಲಿಸಿ ಯಾರು ಮೇಲು ಅಂತ ಜಗಳ ಮಾಡುವವರಿದ್ದಾರೆ. ಆ ಇಬ್ಬರೂ ಒಟ್ಟಿಗೆ ಆಡಿದ್ದನ್ನು ನೋಡಿದವರಿಗೆ ಆ ಜಗಳ ಬೇಕಾಗುವುದಿಲ್ಲ. ಮೊದಲ ಸಲ ಐಎಸ್‌ಎಲ್‌ಗೆ ಬಂದ ತಂಡ 18 ಪಂದ್ಯಗಳಲ್ಲಿ 13 ಗೆದ್ದು, 40 ಅಂಕ ತೆಗೆದು ಮೊದಲ ಸ್ಥಾನಕ್ಕೆ ಏರಿತು.

ಆಮೇಲೆ ಕಪ್ ಯಾರಿಗೆ ಅಂತ ತೀರ್ಮಾನಿಸುವ ಮಾರ್ಚ್ 17ರ ಫೈನಲ್. ನಮ್ಮದೇ ಕಂಠೀರವ, ಎದುರಿಗೆ ಚೆನ್ನೈಯಿನ್ ಎಫ್‌ಸಿ. ಮಾರನೇ ದಿನ ಯುಗಾದಿ. "ಹಬ್ಬದ ಹಿಂದಿನ ದಿನ ಯಾರಾದ್ರೂ ಊರು ಬಿಡ್ತಾರಾ?" ಅಂತ ಅಮ್ಮ ಬೈದರೂ ಹೊರಟೆವು. 9ನೇ ನಿಮಿಷಕ್ಕೆ ಛೆಟ್ರಿ ಹೆಡ್ ಮಾಡಿ ಗೋಲು. ಆ ಹೊತ್ತಿಗೆ ಕಪ್ ಮನೆಗೆ ಬಂದಂತೆಯೇ ಇತ್ತು. ಆಮೇಲೆ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಲ್ಲಿ ಎರಡು ಸಲ ಹಾರಿ ಹೆಡ್ ಮಾಡಿದ, ದ್ವಿತೀಯಾರ್ಧದಲ್ಲಿ ರಫಾಯೆಲ್ ಆಗಸ್ಟೊ ಮೂರನೆಯದು. 1-3. ಸುತ್ತ ಕೆಲವರು ಎದ್ದು ಹೋಗತೊಡಗಿದರು. ನಾನು ತಮ್ಮನ ಮುಖ ನೋಡಿದೆ, ಅವನು ತಲೆ ಅಡ್ಡಡ್ಡ ಆಡಿಸಿದ. ಕೂತೆವು.

90 ನಿಮಿಷ ಮುಗಿದು ಎರಡನೇ ನಿಮಿಷ. ಮುಂದಿನವರೆಲ್ಲ ಎದ್ದು ನಿಂತಿದ್ದರು, ಚೆಂಡು ಹೇಗೆ ಬಂತೋ ನನಗೆ ಕಾಣಲಿಲ್ಲ, ಬಲೆ ಅಲುಗಿದ್ದು ಮಾತ್ರ ಕಂಡಿತು. ಮಿಕು. 2-3. ಉಳಿದಿದ್ದ ಆ ಒಂದೆರಡು ನಿಮಿಷ ನಾನು ಕಂಠೀರವದಲ್ಲಿ ಕಳೆದ ಅತ್ಯಂತ ಉದ್ದದ ಹೊತ್ತು. ಹೊರಗೆ ಹೋಗುತ್ತಿದ್ದವರು ಮೆಟ್ಟಿಲ ಮೇಲೆ ಹಿಂದಿರುಗಿ ನಿಂತಿದ್ದರು. ನಮ್ಮ ಮೂರನೆಯದು ಬರಲೇ ಇಲ್ಲ, ಸೋತೆವು. ಆದರೆ ಆಟ ಮುಗಿಯಿತು ಅಂತ ಹೇಳಲು ರೆಫರಿಯ ಸೀಟಿಯೇ ಬೇಕಾಯಿತು, ಅದಕ್ಕೆ ಮೊದಲು ಮಿಕು ಒಪ್ಪಲಿಲ್ಲ. ಹಳಬರು ಅವನನ್ನು ಯಾಕೆ ನೆನೆಯುತ್ತಾರೆ ಅಂತ ಕೇಳಿದಿರಲ್ಲ, ನನ್ನ ಮಟ್ಟಿಗೆ ಗೆಲುವಿಗೂ ಕಪ್ಪಿಗೂ ಉಪಯೋಗಕ್ಕೆ ಬಾರದ ಆ ಗೋಲಿಗೆ.

ಮೆಜೆಸ್ಟಿಕ್‌ನಲ್ಲಿ ಅವತ್ತು ಕಾಲಿಡಲು ಜಾಗ ಇರಲಿಲ್ಲ. ಇಡೀ ಬೆಂಗಳೂರು ಹಬ್ಬಕ್ಕೆ ಊರಿಗೆ ಹೊರಟಿತ್ತು. ಕೈಯಲ್ಲಿ ಮಾವಿನ ಸೊಪ್ಪು, ಬಟ್ಟೆ ಚೀಲ, ನಿದ್ದೆಗಣ್ಣಿನ ಮಕ್ಕಳು, ನಡುವೆ ನೀಲಿ ಜೆರ್ಸಿಯಲ್ಲಿ ನಾವಿಬ್ಬರು. ಕ್ಯಾತ್ಸಂದ್ರದವರೆಗೂ ನಿಂತೇ ಬಂದೆವು. ಮನೆ ಸೇರಿದಾಗ ಮೂರು ಗಂಟೆ ಇರಬೇಕು. ಅಮ್ಮ ಎದ್ದು ಬಾಗಿಲು ತೆಗೆದು, ನನ್ನ ಮುಖ ನೋಡಿ ಬೈಯದೆ, "ಎಣ್ಣೆ ಸ್ನಾನಕ್ಕೆ ಐದಕ್ಕೇ ಏಳಿಸ್ತೀನಿ, ಮಲಕ್ಕೋ" ಅಂದರು.

ಒಂದು ತಿಂಗಳಿಗೆ ಭುವನೇಶ್ವರದಲ್ಲಿ ಇನ್ನೊಂದು ಟೂರ್ನಿ, ಸೂಪರ್ ಕಪ್. ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಮುಂದೆ, ದ್ವಿತೀಯಾರ್ಧದ ಆರಂಭದಲ್ಲೇ ನಿಶು ಕುಮಾರ್‌ಗೆ ರೆಡ್ ಕಾರ್ಡ್. ಹತ್ತೇ ಜನ, ಅದರ ಮೇಲೆ ಒಂದು ಗೋಲು ಹಿಂದೆ. ಅಲ್ಲಿಂದ ಮಿಕು ಬೆನ್ನು ಬೆನ್ನಿಗೆ ಎರಡು ಹೊಡೆದು, ಕೊನೆಗೆ ಪೆನಾಲ್ಟಿಯಲ್ಲಿ ಮೂರನೆಯದನ್ನೂ ಹೊಡೆದ. 4-2. ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4-1, ಅದರಲ್ಲೂ ಅವನದೊಂದು.

ಎರಡನೇ ಸೀಸನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಲೆಸ್ ಕುವಾದ್ರತ್ ಕೋಚ್ ಆದರು. 2018ರ ಸೆಪ್ಟೆಂಬರ್ 30ರ ಮೊದಲ ಪಂದ್ಯದಲ್ಲೇ ಅದೇ ಮೈದಾನ, ಅದೇ ಚೆನ್ನೈಯಿನ್, 1-0, ಗೋಲು ಮಿಕು. ಆಮೇಲೆ ಮೊಣಕಾಲಿನ ಗಾಯ. ಅವನಿಲ್ಲದ ಆ ದಿನಗಳಲ್ಲಿ ತಂಡ ಗೆಲ್ಲುತ್ತಿದ್ದರೂ ಗ್ಯಾಲರಿಯಲ್ಲಿ ನಾನು ನೋಡುತ್ತಿದ್ದ ಜಾಗ ಖಾಲಿ ಇತ್ತು. ಮಾರ್ಚ್ ಹೊತ್ತಿಗೆ ಮರಳಿ ಬಂದಿದ್ದ. ಎರಡು ಪಂದ್ಯಗಳ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಮೊದಲನೆಯದನ್ನು ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ 1-2ರಿಂದ ಸೋತಿದ್ದೆವು. ಕಂಠೀರವದಲ್ಲಿ 70 ನಿಮಿಷವಾದರೂ ಗೋಲಿಲ್ಲ. 72ಕ್ಕೆ ಬಾಗಿಲು ತೆರೆದದ್ದು ಮಿಕುವೇ, ಆಮೇಲೆ ದಿಮಾಸ್ ಡೆಲ್ಗಾಡೊ, ಛೆಟ್ರಿ. 3-0. ಫೈನಲ್ ಮುಂಬೈಯಲ್ಲಿ, ಸರಿಯಾಗಿ ಒಂದು ವರ್ಷಕ್ಕೆ, ಮತ್ತೆ ಮಾರ್ಚ್ 17. ಎಫ್‌ಸಿ ಗೋವಾ ವಿರುದ್ಧ, ಗೋಲಿಲ್ಲದೆ ಇನ್ನರ್ಧ ಗಂಟೆ ಮುಂದುವರಿದ ಆಟದಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೆಕೆ ಹೆಡ್ ಮಾಡಿದ ಗೋಲು, ಕಪ್ ನಮ್ಮದು. ಅಜ್ಜಿ ಕೇಳಿದ್ದು ಒಂದೇ, "ಮಿಕ್ಕುನಾ?" ಅಲ್ಲ ಅಜ್ಜಿ, ಅಂದೆ. ಆ ವರ್ಷವೇ ಅವನು ಬೆಂಗಳೂರು ಬಿಟ್ಟ. ಮುಂದೆ ಸ್ಪೇನ್‌ನ ಡಿಪೋರ್ಟಿವೊ ಲಾ ಕೊರುನ್ಯಾಗೆ ಆಡುತ್ತಿದ್ದಾನೆ ಅಂತ ಗೊತ್ತಾದಾಗ ನಾನೂ ತಮ್ಮನೂ ಆ ತಂಡದ ಸ್ಕೋರ್ ಹುಡುಕಿ ನೋಡುತ್ತಿದ್ದೆವು.

ನೀವು ಅವನನ್ನು ನೋಡಲೇಬೇಕು ಅಂತಿದ್ದರೆ ಗೋಲುಗಳನ್ನಷ್ಟೇ ಜೋಡಿಸಿದ ವಿಡಿಯೊಗಳಿಂದ ಶುರುಮಾಡಬೇಡಿ. ಪೂರ್ತಿ ಪಂದ್ಯ ಸಿಕ್ಕರೆ ಮೊದಲು ಆ ಬಗಾನ್ ಸೆಮಿಫೈನಲ್ ನೋಡಿ. ರೆಡ್ ಕಾರ್ಡ್ ಆದ ಮೇಲಿನ ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವನನ್ನೇ ನೋಡಿ, ಎಲ್ಲಿ ನಿಲ್ಲುತ್ತಾನೆ, ಯಾರನ್ನು ಎಳೆದುಕೊಂಡು ಹೋಗುತ್ತಾನೆ ಅಂತ. ಆಮೇಲೆ ಮಾರ್ಚ್ 1ರ ಬ್ಲಾಸ್ಟರ್ಸ್ ಪಂದ್ಯ, ಅದನ್ನು ಕೊನೆಯವರೆಗೂ. ಅದರ ಕೊನೆಯ ಐದು ನಿಮಿಷವನ್ನು ನಾನೂ ಫೋನಿನಲ್ಲೇ ನೋಡಿದವನು.